ಮಾಜಿ ಸೈನಿಕರಿಗೆ, ವೀರನಾರಿಯರಿಗೆ ಮನೆಯಲ್ಲೇ ಆರೈಕೆ: ಕಾಗದಪತ್ರದಿಂದ ಹಾಸಿಗೆಯವರೆಗೆ

ಮನೆಯ ಹಿರಿಯರು ಹಾಸಿಗೆ ಹಿಡಿದ ಮೇಲೆ ಕಚೇರಿ ಅಲೆಯಲು ಶುರುಮಾಡಿದರೆ, ಸಿಗಬೇಕಾದದ್ದು ಸಿಗುವ ಹೊತ್ತಿಗೆ ತಡವಾಗಿರುತ್ತದೆ. ಅವರು ಇನ್ನೂ ಸಹಿ ಹಾಕುತ್ತಿರುವಾಗ, ಎದ್ದು ಕೂರುತ್ತಿರುವಾಗಲೇ ಕಾಗದಪತ್ರ ಸರಿಮಾಡಿಕೊಳ್ಳಿ. ಆರೈಕೆ ಅಲ್ಲಿಂದಲೇ ಶುರುವಾಗುತ್ತದೆ.

ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ದಾಖಲೆ ಪುಸ್ತಕ), ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಎಲ್ಲವನ್ನೂ ಒಟ್ಟಿಗೆ ಹರಡಿ, ಹೆಂಡತಿಯ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಒಂದೊಂದು ಅಕ್ಷರವಾಗಿ ತಾಳೆ ನೋಡಿ. ಡಿಸ್ಚಾರ್ಜ್ ಬುಕ್‌ನಲ್ಲಿ ಗೌರವ್ವ, ಆಧಾರ್‌ನಲ್ಲಿ ಗೌರಮ್ಮ ಎಂದಿದ್ದರೆ ಕುಟುಂಬ ಪಿಂಚಣಿ ಅಲ್ಲಿಯೇ ನಿಲ್ಲುತ್ತದೆ. ಹಳೆಯ ಪಿಪಿಒಗಳಲ್ಲಿ ಹೆಂಡತಿಯ ಹುಟ್ಟಿದ ದಿನಾಂಕವೇ ಇಲ್ಲದಿರುವುದೂ ಉಂಟು. ಅದರ ನಷ್ಟ ಸಣ್ಣದಲ್ಲ. ವಯಸ್ಸು 80 ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇ. 20 ಹೆಚ್ಚುವರಿ ಬರಬೇಕು, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರು ತುಂಬಿದರೆ ಶೇ. 100. ದಾಖಲೆಯಲ್ಲಿ ವಯಸ್ಸೇ ಇಲ್ಲದಿದ್ದರೆ ಇದು ತಾನಾಗಿ ಏರುವುದಿಲ್ಲ. ಎಷ್ಟೋ ತಾಯಂದಿರು ಕೇಳದೆಯೇ ಕಳೆದುಕೊಳ್ಳುವ ಹಣ ಇದು. ತಿದ್ದುಪಡಿಗೆ ಅಫಿಡವಿಟ್ ಮತ್ತು ಆಧಾರ್ ಪ್ರತಿ ಇಟ್ಟುಕೊಂಡು ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಅವರ ಮೂಲಕ ಅರ್ಜಿ ಆಯಾ ದಳದ ಸೈನಿಕರ ದಾಖಲೆ ಇಟ್ಟುಕೊಳ್ಳುವ ರೆಕಾರ್ಡ್ ಆಫೀಸಿಗೆ ಹೋಗುತ್ತದೆ. ಎಂಇಜಿಯವರದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್ಫೆಂಟ್ರಿಯವರದು ಬೆಳಗಾವಿಯಲ್ಲಿ. ಸ್ವೀಕೃತಿ ಪಡೆಯದೆ ಬರಬೇಡಿ.

ವರ್ಷಕ್ಕೊಮ್ಮೆ ಕೊಡಬೇಕಾದ ಜೀವಂತ ಪ್ರಮಾಣಪತ್ರಕ್ಕೆ ಹಾಸಿಗೆಯಲ್ಲಿರುವವರನ್ನು ಆಟೋದಲ್ಲಿ ಹೊತ್ತೊಯ್ಯುವ ಅಗತ್ಯವಿಲ್ಲ. ಫೋನಿನಲ್ಲಿ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಎರಡೂ ಆ್ಯಪ್ ಹಾಕಿಕೊಳ್ಳಿ. ಮೊದಲು ಫೋನ್ ಹಿಡಿದ ನಿಮ್ಮ ಮುಖ ದೃಢೀಕರಣವಾಗಬೇಕು, ಆಮೇಲೆ ಪಿಂಚಣಿದಾರರದು. ಕಿಟಕಿ ಅವರ ಬೆನ್ನ ಹಿಂದೆ ಇರಬಾರದು, ಬೆಳಕು ಮುಖದ ಮೇಲೆ ಬೀಳಬೇಕು. ದಿಂಬು ಕೊಟ್ಟು ತಲೆ ಎತ್ತಿ, ಕನ್ನಡಕ ತೆಗೆದು, ಫೋನನ್ನು ಮುಖಕ್ಕೆ ನೇರವಾಗಿ ಹಿಡಿದು ಕಣ್ಣು ಮಿಟುಕಿಸಲು ಹೇಳಿ. ಬಹಳ ಜನ ಎಡವುವುದು ಇದರ ನಂತರ. ಪಿಂಚಣಿ ಸ್ಪರ್ಶ್‌ಗೆ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಬದಲಾಗಿದ್ದರೆ, ಪಿಂಚಣಿ ವಿತರಿಸುವ ಸಂಸ್ಥೆಯ ಜಾಗದಲ್ಲಿ ಬ್ಯಾಂಕಿನ ಹೆಸರನ್ನಲ್ಲ, ಸ್ಪರ್ಶ್ ಪಿಸಿಡಿಎ ಎಂದಿರುವುದನ್ನೇ ಆರಿಸಬೇಕು, ಪಿಪಿಒ ಸಂಖ್ಯೆಯೂ ಸ್ಪರ್ಶ್‌ನಲ್ಲಿರುವುದೇ ಆಗಬೇಕು. ಇದು ತಪ್ಪಿದರೆ ಪ್ರಮಾಣಪತ್ರ ಸಿದ್ಧವಾದಂತೆ ಕಂಡರೂ ತಿರಸ್ಕೃತವಾಗುತ್ತದೆ, ಪಿಂಚಣಿ ನಿಂತ ಮೇಲಷ್ಟೇ ಗೊತ್ತಾಗುತ್ತದೆ. ಕೆಲವು ದಿನ ಬಿಟ್ಟು ಸ್ಪರ್ಶ್ ಪೋರ್ಟಲ್‌ನಲ್ಲಿ ಒಮ್ಮೆ ನೋಡಿ. ಮುಖ ಹಿಡಿಯದಿದ್ದರೆ ಅಂಚೆ ಕಚೇರಿಗೆ ಹೇಳಿದರೆ ಪೋಸ್ಟ್‌ಮನ್ ಯಂತ್ರ ತಂದು ಮನೆಯಲ್ಲೇ ಬೆರಳಚ್ಚು ತೆಗೆದುಕೊಳ್ಳುತ್ತಾರೆ.

ಔಷಧಕ್ಕೆ 2003ರ ಏಪ್ರಿಲ್ 1ರಂದು ಶುರುವಾದ ಇಸಿಎಚ್‌ಎಸ್ ಇದೆ. ಯುದ್ಧ ವಿಧವೆಯರು ಸದಸ್ಯತ್ವದ ವಂತಿಗೆ ಕಟ್ಟಬೇಕಿಲ್ಲ. ರೋಗಿ ಬರಲಾಗದಿದ್ದರೆ ಮನೆಯವರು ಕಾರ್ಡ್, ಹಿಂದಿನ ಚೀಟಿ ಮತ್ತು ಒಪ್ಪಿಗೆ ಪತ್ರ ತೆಗೆದುಕೊಂಡು ಹೋಗಿ ಈ ಯೋಜನೆಯ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್‌ನಲ್ಲಿ ವಿಚಾರಿಸಬಹುದು. ಆಕ್ಸಿಜನ್ ಕಾನ್ಸಂಟ್ರೇಟರ್, ಶ್ರವಣ ಸಾಧನದಂಥವನ್ನು ಮೊದಲೇ ಕೊಂಡು ಬಿಲ್ ಒಯ್ದರೆ ಹಣ ಸಿಗುವುದು ಕಷ್ಟ. ತಜ್ಞರ ಬರಹ, ಮಂಜೂರಾತಿ, ಆಮೇಲೆ ಖರೀದಿ. ತುರ್ತಿನಲ್ಲಿ ಯೋಜನೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು.

ಹೋಂ ನರ್ಸ್ ಸಂಬಳ ಇಸಿಎಚ್‌ಎಸ್‌ನಿಂದ ಬರುತ್ತದೆಂದು ಲೆಕ್ಕ ಹಾಕಬೇಡಿ. ಶೇ. 100 ಅಂಗವೈಕಲ್ಯ ಪಿಂಚಣಿ ಇದ್ದು, ಸದಾ ಒಬ್ಬರ ನೆರವು ಬೇಕೆಂದು ವೈದ್ಯಕೀಯ ಮಂಡಳಿ ಬರೆದಿದ್ದರೆ ನಿರಂತರ ಸಹಾಯಕರ ಭತ್ಯೆ ಸಿಗುತ್ತದೆ. ಪಿಂಚಣಿಯೇ ಇಲ್ಲದ, 65 ದಾಟಿದ, ಹವಾಲ್ದಾರ್ ಮಟ್ಟದವರೆಗಿನ ಮಾಜಿ ಸೈನಿಕರು ಮತ್ತು ಅಂಥವರ ವಿಧವೆಯರು ಕೇಂದ್ರೀಯ ಸೈನಿಕ ಮಂಡಳಿಯ ಬಡತನ ಪರಿಹಾರಕ್ಕೆ ಅರ್ಜಿ ಹಾಕಬಹುದು. 2025ರ ನವೆಂಬರ್‌ನಿಂದ ಅದನ್ನು ತಿಂಗಳಿಗೆ 4,000ದಿಂದ 8,000 ರೂಪಾಯಿಗೆ ಏರಿಸಲಾಗಿದೆ. ಆರೈಕೆಗೆ ಯಾರನ್ನೇ ಇಟ್ಟುಕೊಳ್ಳಿ, ಪೊಲೀಸ್ ಪರಿಶೀಲನೆ ಮಾಡಿಸಿ. ಅಮ್ಮನ ಎಟಿಎಂ ಕಾರ್ಡ್, ಪಿನ್ ಮಾತ್ರ ಅವರ ಕೈಗೆ ಹೋಗಕೂಡದು. 70 ದಾಟಿದವರಿಗೆ ಬ್ಯಾಂಕ್ ಮನೆಬಾಗಿಲ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ, ಕೇಳಿ ಪಡೆಯಿರಿ.

ಇನ್ನು ಮೈ ಆರೈಕೆ. ಮಲಗಿದಲ್ಲೇ ಇರುವವರಿಗೆ ದೊಡ್ಡ ಶತ್ರು ಹಾಸಿಗೆ ಹುಣ್ಣು. ಏರ್ ಬೆಡ್ ತಂದರೆ ಸಾಕು ಎಂದು ಕೈಚೆಲ್ಲುವುದೇ ಅದಕ್ಕೆ ದಾರಿ. ಏರ್ ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟೇ ವಾಲಿಸಿ, ಎರಡು ಮಂಡಿಗಳ ನಡುವೆ ಇನ್ನೊಂದು ದಿಂಬಿಡಿ, ಮೀನಖಂಡದ ಕೆಳಗೆ ಮಡಿಸಿದ ಟವಲ್ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಮೇಲಕ್ಕೆ ಸರಿಸುವಾಗ ಕಂಕುಳಲ್ಲಿ ಹಿಡಿದು ಎಳೆಯಬೇಡಿ, ಚರ್ಮ ಒಳಗಿಂದ ಹರಿಯುತ್ತದೆ. ಸೊಂಟದ ಕೆಳಗೆ ಅಡ್ಡ ಹಾಸಿದ ಬೆಡ್‌ಶೀಟನ್ನು ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ. ದಿನಾ ಸ್ನಾನ ಮಾಡಿಸುವಾಗ ತ್ರಿಕಾಸ್ಥಿಯ (ಬೆನ್ನಿನ ಕೆಳತುದಿಯ ಮೂಳೆ) ಮೇಲೆ, ಹಿಮ್ಮಡಿಯಲ್ಲಿ ಕೆಂಪು ಕಂಡರೆ ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದರ್ಥ. ಆ ಜಾಗವನ್ನು ತಿಕ್ಕಬೇಡಿ, ಅದರ ಮೇಲೆ ಭಾರ ಬೀಳದಂತೆ ನೋಡಿಕೊಂಡು ಅಂದೇ ವೈದ್ಯರಿಗೆ ತೋರಿಸಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಅಲ್ಲಿ ಬಿಸಿ ಅಥವಾ ಗಟ್ಟಿತನ ಮುಟ್ಟಿ ತಿಳಿಯಬೇಕು.

ಗಂಜಿ ಕುಡಿಸುವಾಗ ಕೂರಿಸಿಯೇ ಕುಡಿಸಿ, ಆಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ.

ಫಿರಂಗಿ ದಳದಲ್ಲಿದ್ದವರಿಗೆ ಕಿವಿ ಮಂದವಾಗಿರುವುದು ಸಾಮಾನ್ಯ. ಅವರು ಹೇಳಿದ್ದು ಕೇಳುವುದಿಲ್ಲ, ಹಟಮಾರಿ ಎಂದು ಬಯ್ಯುವ ಮುನ್ನ ಎದುರು ಬಂದು ಮಾತಾಡಿ. ಯುದ್ಧ ಕಂಡವರನ್ನು ಮೈಮುಟ್ಟಿ ಎಬ್ಬಿಸಬೇಡಿ. ಕಾಲ ಬಳಿ ನಿಂತು ಹೆಸರು ಹಿಡಿದು ಕರೆಯಿರಿ, ಬೆಚ್ಚಿಬೀಳುವುದು ತಪ್ಪುತ್ತದೆ. ನಿದ್ದೆಗೆಟ್ಟು ಕಳವಳಪಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ವಯಸ್ಸಾದ ತಾಯಿಗೆ ಸ್ನಾನ, ಬಟ್ಟೆ ಬದಲಿಸುವ ಕೆಲಸಕ್ಕೆ ಹೆಣ್ಣುಮಕ್ಕಳನ್ನೇ ಇಡಿ. ಅವರು ಬಾಯಿಬಿಟ್ಟು ಕೇಳುವುದಿಲ್ಲ.

ಪಿಂಚಣಿದಾರರು ತೀರಿಕೊಂಡರೆ ಮರಣ ಪ್ರಮಾಣಪತ್ರದೊಂದಿಗೆ ಸ್ಪರ್ಶ್‌ನಲ್ಲಿ ಬೇಗ ವರದಿ ಮಾಡಿ. ಹೆಂಡತಿಯ ಕುಟುಂಬ ಪಿಂಚಣಿ ಶುರುವಾಗುವುದು ಅಲ್ಲಿಂದ. ಆ ನಡುವೆ ಅವರ ಖಾತೆಗೆ ಬಿದ್ದ ಪಿಂಚಣಿಯನ್ನು ಮುಟ್ಟಬೇಡಿ, ಅದನ್ನು ಆಮೇಲೆ ವಸೂಲಿ ಮಾಡುತ್ತಾರೆ.