ಸೋಯಾ ಎಣ್ಣೆ ಮಿಲ್ಲು ಹಾಕುವ ಮೊದಲು ಹಿಂಡಿಯ ಲೆಕ್ಕ ಹಾಕಿ

ಭಾಲ್ಕಿ ಕಡೆ ನನ್ನದೊಂದು ಸಣ್ಣ ಎಣ್ಣೆ ಮಿಲ್ಲು ಇದೆ. ಸೋಯಾಬೀನ್ ಹಿಂಡಲು ಯಾವ ಎಕ್ಸ್‌ಪೆಲ್ಲರ್ (ಕಾಳನ್ನು ಒತ್ತಿ ಎಣ್ಣೆ ತೆಗೆಯುವ ಯಂತ್ರ) ತರಬೇಕು ಅಂತ ಹುಡುಗರು ಕೇಳುತ್ತಾರೆ. ಹಿಂಡಿ ಯಾರು ಕೊಳ್ಳುತ್ತಾರೆ ಅಂತ ಒಬ್ಬರೂ ಕೇಳುವುದಿಲ್ಲ!

ಶೇಂಗಾ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆ. ಸೋಯಾದಲ್ಲಿ ಶೇ 18–20 ಅಷ್ಟೇ. ಎಕ್ಸ್‌ಪೆಲ್ಲರ್‌ಗೆ ಅದೂ ಪೂರ್ತಿ ಸಿಗುವುದಿಲ್ಲ. ಕ್ವಿಂಟಲಿಗೆ 12–13 ಕಿಲೊ ಬಂದರೆ ಚೆನ್ನಾಗಿ ಬಂತು ಅನ್ನಿ. ಸುಮಾರು 80 ಕಿಲೊ ಹಿಂಡಿ ಉಳಿಯುತ್ತದೆ. ಅದರಲ್ಲೇ ಪ್ರೋಟೀನು, ಅದರಲ್ಲೇ ದುಡ್ಡು. ಹೆಕ್ಸೇನ್ ಎಂಬ ದ್ರಾವಕದಲ್ಲಿ ಎಣ್ಣೆ ಕರಗಿಸಿ ತೆಗೆಯುವ ದೊಡ್ಡ ಸಾಲ್ವೆಂಟ್ ಪ್ಲಾಂಟುಗಳು ಹಿಂಡಿಯಲ್ಲಿ ಶೇ 1ರಷ್ಟೂ ಎಣ್ಣೆ ಬಿಡುವುದಿಲ್ಲ. ಹೆಕ್ಸೇನ್ ಥಟ್ಟನೆ ಬೆಂಕಿ ಹಿಡಿಯುವ ವಸ್ತು, ಸಣ್ಣವರು ಅದರ ತಂಟೆಗೆ ಹೋಗುವುದೇ ಬೇಡ. ಕೋಳಿ ಫಾರಂ, ಹೈನುಗಾರರ ಜೊತೆ ಮೊದಲೇ ಮಾತಾಡಿ. ಎಣ್ಣೆ ಉಳಿದ ಹಿಂಡಿ ಅವರಿಗೂ ಬೇಕು.

ಇನ್ನು ಕಾಳು. ದೇಶದ ಸೋಯಾದಲ್ಲಿ ಬಹುಪಾಲು ಮಧ್ಯಪ್ರದೇಶ, ಮಹಾರಾಷ್ಟ್ರದ್ದು. ನಮ್ಮಲ್ಲಿ ಬೀದರ್, ಬೆಳಗಾವಿ, ಧಾರವಾಡ ಕಡೆ ಬೆಳೆಯುತ್ತಾರೆ. ನಮ್ಮ ದೇಶದ ಇಳುವರಿ ಹೆಕ್ಟೇರಿಗೆ ಸುಮಾರು 1 ಟನ್, ಬ್ರೆಜಿಲ್‌ನವರದು ಅದರ ಮೂರು ಪಟ್ಟು. ಅಲ್ಲಿಂದ, ಅರ್ಜೆಂಟೀನಾದಿಂದ ಹಡಗಿನಲ್ಲಿ ಬರುವ ಎಣ್ಣೆಯೇ ಪ್ಯಾಕೆಟ್ ರೇಟು ನಿರ್ಧರಿಸುತ್ತದೆ. ಆ ರೇಟಿಗೆ ಪೈಪೋಟಿ ಕೊಡಲು ಹೋಗಬೇಡಿ. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಮಾರ್ಕೆಟ್ಟಿನಲ್ಲಿ ಅದಕ್ಕಿಂತ ಕಡಿಮೆಗೂ ಮಾಲು ಹೋಗುವುದುಂಟು. ಸುಗ್ಗಿ ಅಕ್ಟೋಬರ್ ಆಸುಪಾಸು, ಒಂದೇ ಸಲ. ವರ್ಷವಿಡೀ ಮಿಲ್ಲು ಓಡಬೇಕಾದರೆ ಗೋದಾಮಿಗೂ ಬಂಡವಾಳ ಬೇಕು. ಕೊಯ್ಲಿನಲ್ಲಿ ಮಳೆಗೆ ಸಿಕ್ಕಿ ಕಪ್ಪಾದ ಕಾಳು ಅಗ್ಗಕ್ಕೆ ಸಿಕ್ಕರೂ ಬಿಡಿ, ಎಣ್ಣೆಯಲ್ಲಿ ಆಮ್ಲ ಏರುತ್ತದೆ.

ಕಾಳನ್ನು ಜಾಲರಿ ಆಡಿಸಿ, ಕಲ್ಲು, ಕಬ್ಬಿಣದ ಚೂರು ತೆಗೆಯಿರಿ. ಮ್ಯಾಗ್ನೆಟ್ ಇರಲೇಬೇಕು. ತೇವ ಶೇ 10ರ ಹತ್ತಿರಕ್ಕೆ ಬರುವವರೆಗೆ ಒಣಗಿಸಿ. ಆಮೇಲೆ ಒಡೆದು ಫ್ಯಾನಿನಿಂದ ಸಿಪ್ಪೆ ಹಾರಿಸಿ.

ಮುಂದಿನದು ಬೇಯಿಸುವುದು. ಇಲ್ಲಿ ಮಾತ್ರ ಅವಸರ ಬೇಡ. ಒಡೆದ ಕಾಳನ್ನು ಕೆಟಲ್‌ನಲ್ಲಿ, ಅಂದರೆ ಕಾಳು ಬೇಯಿಸುವ ದೊಡ್ಡ ಪಾತ್ರೆಯಲ್ಲಿ, ಹಬೆ ಕೊಟ್ಟು, ಸುಮಾರು 100 ಡಿಗ್ರಿಗೆ ಬಿಸಿ ಮಾಡಬೇಕು. ಎಣ್ಣೆ ಸಲೀಸಾಗಿ ಬಿಡುವುದು ಒಂದು ಲಾಭ. ಇನ್ನೊಂದು ದೊಡ್ಡದು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ. ಸರಿಯಾಗಿ ಬೇಯದ ಹಿಂಡಿ ತಿಂದ ಕೋಳಿ ತೂಕಕ್ಕೆ ಬರುವುದಿಲ್ಲ. ಅದಕ್ಕೇ ಫೀಡ್ ಕಂಪನಿಯವರು ಯೂರಿಯೇಸ್ ಟೆಸ್ಟ್ ಕೇಳುತ್ತಾರೆ. ಯೂರಿಯೇಸ್ ಹಸಿ ಸೋಯಾದಲ್ಲಿರುವ ಕಿಣ್ವ, ಅದು ಉಳಿದಿದ್ದರೆ ಹಿಂಡಿ ಸರಿಯಾಗಿ ಬೆಂದಿಲ್ಲ ಅಂತ ಲೆಕ್ಕ. ಹಾಗಂತ ಕಂದು ಬಣ್ಣಕ್ಕೆ ಹುರಿದರೆ ಪ್ರೋಟೀನೇ ಸುಟ್ಟುಹೋಯಿತು ಅಂತ. ಹಿಂಡಿ ಹೊಂಬಣ್ಣದಲ್ಲಿರಲಿ. ಯೂರಿಯಾ ಹಾಕಿದ ದನದ ಮೇವಿಗೆ ಹಸಿ ಸೋಯಾ ಬೆರೆಸಲೇಬಾರದು. ಅದೇ ಯೂರಿಯೇಸ್‌ನಿಂದ ಯೂರಿಯಾ ಅಮೋನಿಯಾ ಆಗಿ ದನದ ಜೀವಕ್ಕೇ ಬರುತ್ತದೆ.

ಎಕ್ಸ್‌ಪೆಲ್ಲರ್‌ನಿಂದ ಬಂದ ಎಣ್ಣೆ ಫಿಲ್ಟರ್ ಪ್ರೆಸ್ ದಾಟಿದರೂ ಅದರಲ್ಲಿ ಅಂಟು ಇರುತ್ತದೆ. 70 ಡಿಗ್ರಿಗೆ ಕಾಯಿಸಿ, ನೂರಕ್ಕೆ ಎರಡು ಮೂರು ಪಾಲು ಬಿಸಿನೀರು ಕಲಸಿ ಬಿಟ್ಟರೆ ಅಂಟು ತಳಕ್ಕಿಳಿಯುತ್ತದೆ. ಮೇಲಿನ ಎಣ್ಣೆಯ ನೀರಿನಂಶ ಆರಿಸಿ. ಆದರೂ ಹಸಿಕಾಳಿನ ವಾಸನೆ ಪೂರ್ತಿ ಹೋಗದು, ಅಡುಗೆಮನೆಯವರು ಒಪ್ಪುವುದೂ ಕಷ್ಟ. ನಾನಂತೂ ರಿಫೈನರಿಗೇ ಕಳಿಸುತ್ತೇನೆ.

ಎಕ್ಸ್‌ಪೆಲ್ಲರ್‌ನ ವರ್ಮ್ (ಕಾಳು ಒತ್ತುವ ತಿರುಪು) ಮತ್ತು ಕೇಜ್ ಬಾರ್ (ಎಣ್ಣೆ ಸೋರಲು ಸುತ್ತಲೂ ಜೋಡಿಸಿದ ಪಟ್ಟಿಗಳು) ಒಂದೊಂದು ಸೆಟ್ ಹೆಚ್ಚಿಗೆ ತಂದಿಡಿ. ಸುಗ್ಗಿ ನಡುವೆ ಸವೆದು, ಲುಧಿಯಾನದಿಂದ ಪಾರ್ಸೆಲ್ ಬರಲಿ ಅಂತ ಕಾಯುತ್ತ ಕೂತರೆ, ಅಷ್ಟರಲ್ಲಿ ಒಳ್ಳೆ ಕಾಳೆಲ್ಲ ಮಹಾರಾಷ್ಟ್ರದ ಸೋಯಾ ಮಾರ್ಕೆಟ್ಟು ಲಾತೂರಿನ ಲಾರಿ ಹತ್ತಿರುತ್ತದೆ.