ನಾಡಿ ನೋಡಿಕೊಳ್ಳುವುದನ್ನು ಬಿಟ್ಟ ಕಥೆ

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇದ್ದವರಿಗೆ ಮಳೆಗಾಲದಲ್ಲಿ ಚಿಂತೆ ಇದ್ದದ್ದೇ. ಮಳೆ ಹೊಳವಾಗುವುದಿಲ್ಲ, ಬೋರ್ಡೋ ಔಷಧಿ ಹೊಡೆಯಲು ಆಗುವುದಿಲ್ಲ, ಕೊಳೆ ರೋಗ ಬಂದು ಕಾಯಿ ಉದುರುತ್ತದೇನೋ ಎಂದು ನಿದ್ದೆ ಕೆಡುತ್ತದೆ. ಆದರೆ ಔಷಧಿ ಹೊಡೆದ ದಿನ ಆ ಚಿಂತೆ ಇಳಿಯುತ್ತದೆ. ನನಗೆ ಬಂದದ್ದು ಹಾಗೆ ಇಳಿಯುವ ಜಾತಿಯದ್ದಲ್ಲ. ಅದು ಪ್ಯಾನಿಕ್ ಅಟ್ಯಾಕ್, ಅಂದರೆ ಕಾರಣವಿಲ್ಲದೆ ಒಮ್ಮೆಲೇ ಮೈತುಂಬ ಏರುವ ಹೆದರಿಕೆ. ಮಣಿಪಾಲಕ್ಕೆ ಹೊರಟಿದ್ದಾಗ ಆಗುಂಬೆ ಘಾಟಿಯಲ್ಲಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಬೆರಳ ತುದಿ ಜುಮುಜುಮು ಎಂದಿತು, ತುಟಿ ಮರಗಟ್ಟಿತು. ಸತ್ತೇ ಹೋದೆ ಅಂದುಕೊಂಡೆ.

ಇಸಿಜಿ, ಥೈರಾಯ್ಡ್ ಎಲ್ಲ ಸರಿ ಇತ್ತು. ಅಮ್ಮ ಅಂತ್ರ ಕಟ್ಟಿಸೋಣ ಅಂದ್ರು, ಕಟ್ಟಿಸಿಕೊಂಡೆ. ಶಿವಮೊಗ್ಗದಲ್ಲಿ ಮನೋವೈದ್ಯರನ್ನೂ ಕಂಡೆ. ಎರಡಕ್ಕೂ ಜಗಳವೇನಿಲ್ಲ.

ಡಾಕ್ಟರು ಬಿಡಿಸಿ ಹೇಳಿದ್ದು ಮಾತ್ರೆಯಷ್ಟೇ ಕೆಲಸಕ್ಕೆ ಬಂತು. ಮಿದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಭಾಗ ಇದೆ. ಅಪಾಯ ಅನ್ನಿಸಿದರೆ ಅದು ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ಮೈಗೆಲ್ಲ ಸುದ್ದಿ ಮುಟ್ಟಿಸುತ್ತದೆ, ಅಡ್ರಿನಲಿನ್ ಎನ್ನುವ ಹಾರ್ಮೋನು ಏರುತ್ತದೆ, ಎದೆಬಡಿತವೂ ಉಸಿರೂ ಜೋರಾಗುತ್ತವೆ. ಕಾಡಲ್ಲಿ ಕಾಟಿ (ಕಾಡುಕೋಣ) ಎದುರಾದರೆ ಬೇಕಾದದ್ದೂ ಇದೇ, ಅಲ್ವಾ? ಆದರೆ ಸುಮ್ನೆ ಕೂತಲ್ಲೇ ಹಾಗೆ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಜುಮುಜುಮು, ತಲೆಸುತ್ತು ಬರುವುದು ಅದರಿಂದ. ಅದಕ್ಕೆ ಮನಸ್ಸು ಇನ್ನಷ್ಟು ಹೆದರುತ್ತದೆ, ಉಸಿರು ಇನ್ನಷ್ಟು ಜೋರಾಗುತ್ತದೆ. ಈ ಹೆದರಿಕೆ ಸಾಮಾನ್ಯವಾಗಿ 10 ನಿಮಿಷದ ಒಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ.

ಗೊತ್ತಾದರೆ ಆಯ್ತಾ, ಕೈ ಕೇಳಬೇಕಲ್ಲ! ಅಕ್ಕಿ ರೊಟ್ಟಿ ತಿನ್ನುವಾಗಲೂ ನನ್ನ ಎಡಗೈಯ ಎರಡು ಬೆರಳು ಕತ್ತಿನ ನಾಡಿ ಮೇಲೆಯೇ. ಬೆರಳಿಗೆ ಸಿಕ್ಕಿಸಿ ನಾಡಿ, ಆಕ್ಸಿಜನ್ ನೋಡುವ ಕೊರೊನಾ ಕಾಲದ ಆಕ್ಸಿಮೀಟರ್ ಸದಾ ಜೇಬಲ್ಲಿ. ನೋಡಿದ ಕೂಡಲೇ ಒಂದು ಗಳಿಗೆ ಸಮಾಧಾನ, ಆಮೇಲೆ ಮತ್ತೆ ನೋಡಬೇಕು. ಆ ಸಮಾಧಾನವೇ ಹೆದರಿಕೆಗೆ ಗೊಬ್ಬರ. ಒಮ್ಮೆಲೇ ಬಿಡಬೇಡಿ, ಸ್ವಲ್ಪ ತಡ ಮಾಡುತ್ತಾ ಹೋಗಿ ಅಂದ್ರು ಡಾಕ್ಟರು. ನನಗೆ ಆಗಿಬಂದದ್ದು ಅಡಿಕೆ ಸುಲಿಯುವ ಮೆಟ್ಟುಗತ್ತಿ. ಸುಲಿಯಲು ಕೂತರೆ ಎರಡೂ ಕೈಗೆ ಕೆಲಸ. ಗಮನ ಆಚೆ ಈಚೆ ಹೋದರೆ ಬೆರಳಿಗೇ ಬರುತ್ತದೆ. ಎದೆ ಬೇಕಾದಷ್ಟು ಹೊಡೆದುಕೊಳ್ಳಲಿ ಎಂದು ಸುಲಿಯುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಅದೂ ಸುಮ್ಮನಾಗುತ್ತಿತ್ತು.

ಘಾಟಿಗೂ ಇದೇ ದಾರಿ. ಹೋಗದಿದ್ದರೆ ಹಾಯಾಗಿರುತ್ತದೆ, ಆದರೆ ಅಲ್ಲಿ ಅಪಾಯ ಇರುವುದು ನಿಜ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತದೆ. ಭಾವನ ಕಾರಿನಲ್ಲಿ ಮೊದಲು ಸೂರ್ಯಾಸ್ತ ನೋಡುವ ಜಾಗದವರೆಗೆ ಮಾತ್ರ ಹೋದೆ. ಎದೆ ಹದಕ್ಕೆ ಬರುವವರೆಗೂ ವಾಪಸ್ ಹೊರಡಲಿಲ್ಲ. ಇದು ಮುಖ್ಯ. ಹೆದರಿಕೆ ಮೇಲಿರುವಾಗಲೇ ಓಡಿಬಂದರೆ ಹೋದದ್ದು ದಂಡ. ಆಮೇಲೆ ಕೆಲವು ತಿರುವು, ಆಮೇಲೆ 14 ತಿರುವೂ ಇಳಿದು ಸೋಮೇಶ್ವರ. ಭಾವ ಜೊತೆಗಿದ್ದಾನೆ ಎನ್ನುವುದೂ ಒಂದು ಊರುಗೋಲೇ. ಕೊನೆಗೆ ಅವನನ್ನೂ ಆಕ್ಸಿಮೀಟರನ್ನೂ ಬಿಟ್ಟು ಮಿನಿಬಸ್ ಹತ್ತಿದೆ.

ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ಚೆನ್ನಾಗಿದೆ ಎಂದು ನೀವೇ ನಿಲ್ಲಿಸಬೇಡಿ. ಪೇಟೆಗೆ ಹೋಗಲು ಆಗದವರು 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಟೆಲಿ ಮಾನಸ್ ಅದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಫಿ ಜಾಸ್ತಿಯಾದರೂ ಎದೆಬಡಿತ ಏರುತ್ತದೆ, ಕಡಿಮೆ ಮಾಡಿ ಅಂದಿದ್ರು. ಮಲೆನಾಡಲ್ಲಿ ಯಾರ ಮನೆಗೆ ಹೋದರೂ ಕಾಫಿ ಕುಡಿಯದೆ ಎದ್ದು ಬರುವುದು ಹೇಗೆ? ಅರ್ಧ ಲೋಟಕ್ಕೆ ಇಳಿಸಿದ್ದೇನೆ.