ಗಾಡಿನೇ ಮನಿ ಮಾಡ್ಕೊಂಡವ್ರು ಥಂಡಿ ದಿನ ಮರಳುಗಾಡಿನ್ಯಾಗ ಇರೋದು ಹೆಂಗ

ನಾವು ಕಲಬುರಗಿಯವ್ರು. ನಮ್ಮ ಮನಿಯವ್ರು ರಿಟೈರ್ ಆದಮ್ಯಾಲೆ ಮನಿ ಬಾಡಿಗಿ ಕೊಟ್ಟು, ಒಂದು ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್ ತಗೊಂಡು, ಸೀಟ್ ತೆಗೆಸಿ ಹಾಸಿಗಿ, ಒಲಿ, ನೀರಿನ ಟ್ಯಾಂಕ್ ಕೂಡಿಸ್ಕೊಂಡು ಇಬ್ಬರೂ ಅದರಾಗೇ ಇರ್ತೀವಿ. ಬ್ಯಾಸಗಿಗೆ ಗುಡ್ಡದ ಕಡೆ ಹೋಗ್ತೀವಿ, ಥಂಡಿ ಮೂರು ತಿಂಗಳು ಜೈಸಲ್ಮೇರ್ ಸುತ್ತಮುತ್ತ. ಹಿಂಗ ಮೂರು ಥಂಡಿ ಆದ್ವು. ಊರಿಗೆ ಬಂದಾಗೆಲ್ಲ ನಮ್ಮ ಮಂದಿ, ಬೀದರ್ ಯಾದಗಿರಿ ಕಡೆ ಬೀಗರು, ಎಲ್ಲಾರೂ ಕೇಳೋದು ಒಂದೇ, ಅಲ್ಲಿ ಹೆಂಗ ಇರ್ತೀರಿ ಅಂತ. ಅದಕ್ಕ ಒಮ್ಮೆ ಎಲ್ಲಾ ಬರದು ಇಡ್ತೀನಿ, ಯಾರರ ಹೊರಡೋರಿದ್ರ ಉಪಯೋಗ ಆಗ್ಲಿ.

ಮೊದಲ ಮಾತು, ಮರಳುಗಾಡು ಅಂದ್ಕೂಡ್ಲೆ ನಮ್ಮ ತಲ್ಯಾಗ ಬಿಸಲೇ ಬರ್ತದ, ಆದ್ರ ಬಿಸಲು ನಮಗ ಹೊಸದಲ್ಲ, ಮೇ ತಿಂಗಳ 42 ಡಿಗ್ರಿ ಕಂಡೋರು ನಾವು. ಅಲ್ಲಿ ನಮ್ಮನ್ನ ಕಾಡೋದು ಥಂಡಿ ಮತ್ತ ನೀರು. ಜನವರ್ಯಾಗ ಮಧ್ಯಾಹ್ನ 22-24 ಡಿಗ್ರಿ ಇರ್ತದ, ಭಾಳ ಹಿತ ಅನ್ನಸ್ತದ, ಹೊತ್ತು ಮುಳುಗಿದ ಒಂದು ತಾಸಿನ್ಯಾಗ ಥಂಡಿ ಇಳಿಲಾಕ ಶುರು ಆಗಿ ಬೆಳಗ್ಗಿ ಜಾವಕ್ಕ 7-8 ಡಿಗ್ರಿಗೆ, ಒಮ್ಮೊಮ್ಮೆ ಅದಕ್ಕೂ ಕೆಳಗ ಹೋಗ್ತದ. ಕಲಬುರಗ್ಯಾಗ ಡಿಸೆಂಬರ್‌ಗೆ ಒಂದು ಸ್ವೆಟರ್ ಸಾಕು, ಅಲ್ಲಿ ಸಾಲೂದಿಲ್ಲ.

ಯಾವಾಗ ಹೋಗಬೇಕು ಅಂದ್ರ ದೀಪಾವಳಿ ಮುಗಿಸ್ಕೊಂಡು ನವೆಂಬರ್ ನಡುವಿಗೆ ಹೊರಡ್ರಿ, ಫೆಬ್ರವರಿ ಮುಗಿಯೋದ್ರಾಗ ಅಲ್ಲಿಂದ ಎದ್ದುಬಿಡ್ರಿ. ಮಾರ್ಚ್ ನಡುವಿನಿಂದ ಬಿಸಲು ಏರ್ತದ, ಆಮ್ಯಾಲೆ ಆಂಧಿ ಅಂತಾರ ಅವರು, ಧೂಳಿನ ಬಿರುಗಾಳಿ, ಅದು ಬಂದ್ರ ಗಾಡ್ಯಾಗ ಇರೋದು ಆಗೋದಿಲ್ಲ. ಡಿಸೆಂಬರ್ 20ರಿಂದ ಜನವರಿ 5ರ ತನಕ ಜೈಸಲ್ಮೇರ್ ಹತ್ರದ ಸಮ್ ಉಸುಕಿನ ದಿಬ್ಬದ ಕಡೆ ಹೋಗಬ್ಯಾಡ್ರಿ, ಟೂರಿಸ್ಟ್ ಮಂದಿ ತುಂಬಿ ರಾತ್ರೆಲ್ಲಾ ಡಿಜೆ ಹಾಕ್ತಾರ.

ದಾರಿ ನಾವು ಹಿಡಿಯೋದು ಅಕ್ಕಲಕೋಟ, ಸೋಲಾಪುರ, ಸಂಭಾಜಿನಗರ, ಧುಳೆ, ಇಂದೋರ್, ಉದಯಪುರ, ಜೋಧಪುರ, ಜೈಸಲ್ಮೇರ್. ಸುಮಾರು 1,700 ಕಿಲೋಮೀಟರ್ ಆಗ್ತದ, ಆರು ದಿನ ಇಟ್ಕೊಳ್ರಿ, ರಾತ್ರಿ ಓಡಿಸಬ್ಯಾಡ್ರಿ. ಹೊರಡೋಕ್ಕಿಂತ ಮೊದಲು ಕಾಗದ ನೋಡ್ಕೊಳ್ರಿ, ಸೀಟ್ ತೆಗೆದು ಹಾಸಿಗಿ ಒಲಿ ಕೂಡಿಸಿದ್ರ ಅದು ಗಾಡಿ ಬದಲಾವಣಿ ಅಂತ ಲೆಕ್ಕ, 1988ರ ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಆರ್‌ಟಿಓ ಒಪ್ಪಿಗಿ ತಗೊಂಡು ಆರ್‌ಸಿದಾಗ ಬರೆಸಬೇಕು, ಇನ್ಶೂರೆನ್ಸ್‌ನವ್ರಿಗೂ ತಿಳಿಸಬೇಕು. ಇದು ಬಿಟ್ಟು ಹೋದ್ರ ನಾಲ್ಕು ರಾಜ್ಯದಾಗ ಗಾಡಿ ತಡೆದು ಕೇಳಿದಲ್ಲೆಲ್ಲ ಉತ್ತರ ಕೊಡ್ಕೋತ ನಿಂದ್ರಬೇಕಾಗ್ತದ.

ಈಗ ನೀರು. ಜೈಸಲ್ಮೇರ್ ಕಡೆ ವರ್ಷದ ಮಳಿ 200 ಮಿಲಿಮೀಟರ್ ಸುತ್ತಮುತ್ತ, ಅದೂ ಬಂದ್ರ ಬಂತು. ಬೋರ್ ನೀರು ಭಾಳ ಕಡೆ ಸವಳು. ಇಂದಿರಾ ಗಾಂಧಿ ಕಾಲುವಿ ನೀರು ಬರೋ ಊರಾಗ ಪರವಾಗಿಲ್ಲ, ಅದು ಬಿಟ್ರ ಮಂದಿ ಟಾಂಕಾ ನೀರು ಕುಡೀತಾರ, ಟಾಂಕಾ ಅಂದ್ರ ನೆಲದಾಗ ಕಟ್ಟಿದ ಮಳಿ ನೀರಿನ ತೊಟ್ಟಿ. ಬೀದರ್‌ನ ನೌಬಾದ್ ಕರೇಜ್, ಅಂದ್ರ ನೆಲದ ಕೆಳಗಿನ ಹಳೆ ನೀರಿನ ಕಾಲುವಿ, ನೋಡಿದವ್ರಿಗೆ ಇದು ಜಲ್ದಿ ತಿಳೀತದ, ನೆಲದ ಕೆಳಗ ನೀರು ಜ್ವಾಪಾನ ಮಾಡೋ ಬುದ್ಧಿ ಎರಡೂ ಕಡೆ ಅದ. ಟಾಂಕಾ ಮುಚ್ಚಳ ತೆಗೆದು ನಿಮ್ಮ ಬಕೇಟ್ ಬಿಡಬ್ಯಾಡ್ರಿ, ಕೇಳದೇ ಅಂತೂ ಬ್ಯಾಡೇ ಬ್ಯಾಡ್ರಿ. ಒಂದು ಮನಿಯವ್ರು ವರ್ಷಿಡೀ ಕುಡಿಯೋ ನೀರು ಅದು. ನಾವು ಟ್ಯಾಂಕರ್ ಬರೋ ಊರಾಗ ರೊಕ್ಕ ಕೊಟ್ಟು ತುಂಬಿಸ್ಕೋತೀವಿ, ಕುಡಿಯೋಕ 20 ಲೀಟರಿನ ಕ್ಯಾನ್ ಎರಡು ಬ್ಯಾರೇನೇ ಇಡ್ತೀವಿ.

ನಮ್ಮ ಟ್ಯಾಂಕ್ 120 ಲೀಟರ್. ಇಬ್ಬರಿಗೆ ದಿನಕ್ಕ 15 ಲೀಟರ್ ಅಂತ ಹಿಡಿದ್ರ 8 ದಿನ ಬರ್ತದ. ಇದು ಕೇಳೋಕ ಕಷ್ಟ ಅನ್ನಸ್ತದ ಆದ್ರ ರೂಢಿ ಆಗ್ತದ. ಭಾಂಡಿ ತೊಳೆಯೋದು ನಾನು ಅಲ್ಲಿ ಒಬ್ಬಾಕಿ ಅಜ್ಜಿ ಕಡೆಯಿಂದ ಕಲ್ತೆ, ಆಕಿ ತಾಟಿನ್ಯಾಗ ಒಂದು ಮುಷ್ಟಿ ಒಣ ಉಸುಕು ಹಾಕಿ ಅಂಗೈಲೆ ಗರಗರ ತಿರುವಿದ್ಲು, ಎಣ್ಣಿ ಜಿಡ್ಡೆಲ್ಲಾ ಉಸುಕು ಹೀರ್ಕೊಂತು, ಅದನ್ನ ಚೆಲ್ಲಿ ಮತ್ತೊಂದು ಮುಷ್ಟಿ, ಕಡೀಕ ಸೆರಗಿನ ಅಂಚಿಲೆ ಒರಸಿ ತೋರಿಸಿದ್ಲು, ತಾಟು ಕನ್ನಡಿ ಆಗಿತ್ತು, ಒಂದು ಹನಿ ನೀರು ಮುಟ್ಟಿರಲಿಲ್ಲ. ನಾನು ಈಗ ಹಂಗೇ ಮಾಡ್ತೀನಿ, ಆಮ್ಯಾಲೆ ಒಂದು ಚೊಂಬು ನೀರಾಗ ಎಲ್ಲಾ ಭಾಂಡಿ ಅದ್ದಿ ತೆಗೀತೀನಿ. ಸ್ನಾನಕ್ಕ ಒಬ್ಬರಿಗೆ 4 ಲೀಟರ್ ಬಿಸಿ ನೀರು, ಮಧ್ಯಾಹ್ನ 1 ಗಂಟೆಕ್ಕ ಮಾಡ್ರಿ, ಬೆಳಗ್ಗಿ ಬ್ಯಾಡ.

ಅಡಗಿ ವಿಷಯಕ್ಕ ಬಂದ್ರ ನಮ್ಮ ಭಾಗದವ್ರಿಗೆ ಚಿಂತಿನೇ ಇಲ್ಲ ಅಂತೀನಿ. ಖಟಕ ರೊಟ್ಟಿ ನೂರು ಬಡಿದು ಕಟ್ಕೊಂಡು ಹೋಗ್ರಿ, ಅಲ್ಲಿ ಹವಾ ಎಷ್ಟು ಒಣಗಿರ್ತದ ಅಂದ್ರ ತಿಂಗಳುಗಟ್ಟಲೆ ಮೆತ್ತಗಾಗೋದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, 5 ಕೆಜಿ ತೊಗರಿ ಬ್ಯಾಳಿ ಇರ್ಲಿ. ಎಳ್ಳಮಾಸಿ ದಿನ ಹೊಲಕ್ಕ ಹೋಗಿ ಚರಗ ಚೆಲ್ಲಲಿಲ್ಲ ಅಂತ ಮನಸಿಗೆ ಒಂಥರಾ ಆಗ್ತದ, ಆದ್ರ ಅಲ್ಲಿ ಮಂದಿ ಉಣ್ಣೋದೇ ಸಜ್ಜಿ, ಸಜ್ಜಿ ಹಿಟ್ಟು ಯಾವ ಅಂಗಡ್ಯಾಗರ ಸಿಗ್ತದ, ಹೋದ ವರ್ಷ ಜೋಧಪುರದಿಂದ ಕಾಯಿಪಲ್ಯ ತಂದಿಟ್ಟು ಭಜ್ಜಿ, ಸಜ್ಜಿ ರೊಟ್ಟಿ ಮಾಡಿ ಪಕ್ಕದ ಢಾಣಿ, ಅಂದ್ರ ನಾಲ್ಕಾರು ಮನಿ ಇರೋ ಸಣ್ಣ ವಸ್ತಿ, ಅಲ್ಲಿ ಮಂದಿಗೆಲ್ಲ ಉಣಿಸಿದ್ವಿ. ಗ್ಯಾಸ್ 5 ಕೆಜಿದು ಸಣ್ಣ ಸಿಲಿಂಡರ್ ಎರಡು ಸಾಕು.

ಥಂಡಿಗೆ ಕೌದಿ ಒಯ್ಯಿರಿ. ಖರೇ ಹೇಳ್ತೀನಿ, ಅಂಗಡಿ ರಜಾಯಿಗಿಂತ ನಮ್ಮವ್ವ ಹೊಲಿದ ಎರಡು ಕೌದಿ ನನಗ ಭಾಳ ಕೆಲಸಕ್ಕ ಬಂದಾವ, ಒಂದು ಹೊಚ್ಚಿಕೊಳ್ಳಾಕ, ಒಂದು ಡ್ರೈವರ್ ಸೀಟಿನ ಹಿಂದ ಪರದೆ ಕಟ್ಟಾಕ. ಗಾಡ್ಯಾಗ ಥಂಡಿ ಬರೋದು ಮುಂದಿನ ದೊಡ್ಡ ಗಾಜಿನಿಂದ, ಅದಕ್ಕ ಹೊತ್ತು ಮುಳುಗೋದ್ರಾಗ ಅಲ್ಲಿ ಪರದೆ ಬೀಳಬೇಕು. ಗಾಡಿ ನಿಲ್ಲಿಸುವಾಗ ಬಾಗಲು ಆಗ್ನೇಯ ದಿಕ್ಕಿಗೆ ಇರ್ಲಿ, ಬೆಳಗಿನ ಬಿಸಲು ಒಳಗ ಬರ್ತದ, ಉತ್ತರದ ಗಾಳಿ ಬೆನ್ನಿಗೆ ಹೊಡೀತದ. ಕಿಟಕಿ ಪೂರ್ತಿ ಮುಚ್ಚಬ್ಯಾಡ್ರಿ, ಎರಡು ಬೆರಳು ಸಂದಿ ಬಿಡ್ರಿ, ಇಲ್ಲಂದ್ರ ನಮ್ಮ ಉಸಿರೇ ಗಾಜಿನ ಮ್ಯಾಲೆ ನೀರಾಗಿ ಇಳಿದು ಹಾಸಿಗಿ ಹಸಿ ಮಾಡ್ತದ.

ಇಲ್ಲಿ ಒಂದು ಮಾತು ಕೈ ಮುಗಿದು ಹೇಳ್ತೀನಿ. ಮೊದಲನೇ ಜನವರ್ಯಾಗ ಒಂದಿನ ಭಾಳ ಥಂಡಿ ಬಿತ್ತು, ನಾನು ಹೊರಗ ಉರಿಸಿದ ಸಿಗಡಿ, ಇದ್ದಲಿ ಕೆಂಪಗ ಆಗ್ಯಾವ ಹೊಗಿ ಇಲ್ಲಲ್ಲ ಅಂತ ಒಳಗ ತಂದಿಟ್ಟು ಬಾಗಲ ಹಾಕಿದೆ. ಅರ್ಧ ತಾಸಿಗೆ ನನಗ ತಲಿ ಜಡ ಆಯ್ತು, ನಮ್ಮ ಮನಿಯವ್ರು ಮಾತಾಡಿದ್ರ ಉತ್ತರ ಕೊಡಾಕ ಬ್ಯಾಸರ, ನಿದ್ದಿ ಬರಲಾಕತ್ತದ ಅಂದ್ಕೊಂಡೆ. ಅವರಿಗೆ ಯಾಕೋ ಸಂಶಯ ಬಂದು ಬಾಗಲ ತೆಗೆದು ನನ್ನ ಹೊರಗ ಎಳಕೊಂಡ್ರು, ಅಲ್ಲಿ ಕುಂತು ವಾಂತಿ ಮಾಡ್ಕೊಂಡೆ. ಅದು ಕಾರ್ಬನ್ ಮೊನಾಕ್ಸೈಡ್, ಬಣ್ಣ ಇಲ್ಲ ವಾಸನಿ ಇಲ್ಲ, ಮಲಕ್ಕೊಂಡವ್ರು ಏಳೋದೇ ಇಲ್ಲ. ಸಿಗಡಿ, ಇದ್ದಲಿ, ಗ್ಯಾಸ್ ಒಲಿ ಯಾವುದನ್ನೂ ಬೆಚ್ಚಗಾಗ್ಲಿ ಅಂತ ಒಳಗ ಉರಿಸಬ್ಯಾಡ್ರಿ. ಬಿಸಿ ನೀರಿನ ರಬ್ಬರ್ ಚೀಲ ಎರಡು ತಗೊಳ್ರಿ, ಕಾಲಾಗ ಇಟ್ಕೊಂಡ್ರ ಬೆಳಗಿನ ತನಕ ನಡೀತದ, ಮತ್ತ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಒಂದು ಆನ್‌ಲೈನ್‌ದಾಗ ತರಿಸಿ ಹಾಸಿಗಿ ಹತ್ರ ಹಾಕ್ರಿ.

ಉರುವಲಿಗೂ ಒಂದು ಲೆಕ್ಕ ಅದ. ಅಲ್ಲಿ ಖೇಜಡಿ ಅಂತ ಮರ ಅದಾವ, ಅದು ಬ್ಯಾರೆ ಏನಲ್ಲ, ದಸರಾದಾಗ ನಾವು ಪೂಜಿ ಮಾಡೋ ಬನ್ನಿ ಮರ. ನನಗ ಇದು ಗೊತ್ತಾದ ದಿನ ಆ ಮರದ ಬುಡಕ್ಕ ನಿಂತು ಮುಟ್ಟಿ ನಮಸ್ಕಾರ ಮಾಡಿದೆ, ಪರ ಊರಾಗ ನಮ್ಮವ್ರು ಸಿಕ್ಕಂಗ ಆಯ್ತು. ಜೋಧಪುರದ ಹತ್ರ ಖೇಜಡ್ಲಿ ಊರಾಗ 1730ರಾಗ ಈ ಮರ ಕಡಿಯಾಕ ಬಂದಾಗ ಅಮೃತಾ ದೇವಿ ಮರ ತಬ್ಬಿಕೊಂಡು ಜೀವ ಕೊಟ್ಲು, ಆಕಿ ಜೊತಿ ಬಿಷ್ಣೋಯಿ ಪಂಥದ ಮಂದಿ ಸೇರಿ 363 ಜನ ಸತ್ರು. ಅದಕ್ಕ ಅದರ ಒಣ ಟೊಂಗಿನೂ ಮುರಿಬ್ಯಾಡ್ರಿ. ಓರಣ ಅಂತ ದೇವರ ಕಾಡು ಇರ್ತಾವ, ಅಲ್ಲಿ ಕಡ್ಡಿನೂ ಎತ್ತಬಾರ್ದು. ನಿಮಗ ಬೆಂಕಿ ಬೇಕೇ ಬೇಕಾದ್ರ ಬಳ್ಳಾರಿ ಜಾಲಿ ಕಟಿಗಿ ಊರಾಗ ಮಾರ್ತಾರ, ಅದನ್ನ ಕೊಳ್ರಿ, ಅದರ ಮುಳ್ಳು ಟೈರ್‌ಗೆ ಹೊಕ್ಕೊಂಡೀತು ನೋಡ್ಕೊಳ್ರಿ ಅಷ್ಟೇ.

ಗಾಡಿ ಎಲ್ಲಿ ನಿಲ್ಲಿಸಬೇಕು. ದಿಬ್ಬದ ಮ್ಯಾಲೆ ಅಲ್ಲ. ಸಮ್, ಖುರಿ ಕಡೆ ಭಾಳಷ್ಟು ಜಾಗ ಮರು ರಾಷ್ಟ್ರೀಯ ಉದ್ಯಾನಕ್ಕ ಸೇರ್ಯದ, ಗೊಡಾವಣ ಹಕ್ಕಿ ಹೆಚ್ಚಾಗಿ ಉಳಿದಿರೋದು ಆ ಕಡೆನೇ, ನಮ್ಮ ಬಳ್ಳಾರಿ ಸಿರುಗುಪ್ಪ ಕಡೆ ಎರೆಭೂತ ಅಂತಾರಲ್ಲ ಅದು, ಅಲ್ಲಿ ಮನಸಿಗೆ ಬಂದಲ್ಲಿ ಗಾಡಿ ಹಚ್ಚಿ ಮಲಕ್ಕೊಳ್ಳಂಗಿಲ್ಲ. ಮತ್ತೊಂದು, ಒಳ್ಳೆ ಸಪಾಟ ಗಟ್ಟಿ ನೆಲ ಕಂಡು ಇಲ್ಲೇ ಚಲೋ ಅದ ಅಂತ ಇಳಿಬ್ಯಾಡ್ರಿ, ಅದು ಖಡೀನ್ ಇರಬಹುದು, ಅಂದ್ರ ಮಳಿ ನೀರಿಗೆ ಒಡ್ಡು ಹಾಕಿ ತೇವ ಹಿಡಿಸಿ ಥಂಡ್ಯಾಗ ಗೋಧಿ ಕಡ್ಲಿ ಬೆಳೆಯೋ ಹೊಲ. ನಾವು ಒಂದು ಢಾಬಾದ ಹಿಂದ, ಇಲ್ಲಾ ಒಬ್ಬ ರೈತರ ಹಿತ್ತಲದಾಗ ದಿನಕ್ಕ ಇಷ್ಟು ಅಂತ ಮೊದಲೇ ಮಾತಾಡಿ 15-20 ದಿನ ಒಂದೇ ಕಡೆ ಇರ್ತೀವಿ, ದಿನಾ ಜಾಗ ಬದಲಿಸಿದ್ರ ಡೀಸೆಲೂ ಹೋಗ್ತದ ನೀರೂ ಹೋಗ್ತದ. ನಮ್ಮ ಕಲಬುರಗಿ ಹಿಂದಿ ಅಲ್ಲಿ ಚಲೋ ನಡೀತದ. ಪಾಕಿಸ್ತಾನ ಗಡಿ ಹತ್ರದ ತನೋಟ್ ಗುಡಿ ತನಕ ಹೋಗಿ ಬರಬಹುದು, ಅಲ್ಲಿಂದ ಮುಂದ ಗಡಿ ನೋಡಾಕ ಗಡಿ ಕಾಯೋ ಬಿಎಸ್‌ಎಫ್‌ನವ್ರ ಪರವಾನಗಿ ಬೇಕು.

ಉಸುಕಿನ್ಯಾಗ ಸಿಕ್ಕೊಂಡ್ರ ಮೊದಲು ಆಕ್ಸಿಲೇಟರ್ ಬಿಡ್ರಿ, ಒತ್ತಿದಷ್ಟು ಗಾಲಿ ಕುಣಿ ತೋಡ್ತದ. ಟೈರ್ ಗಾಳಿ ಅರ್ಧಕ್ಕ ಇಳಿಸ್ರಿ, ಟೈರ್ ಅಗಲ ಆಗ್ತದ, ಗಾಲಿ ಮುಂದಿನ ಉಸುಕು ಕೈಲೆ ಬಗೆದು ಗೋಣಿಚೀಲ ಹಾಸಿ ನಿಧಾನ ಎತ್ರಿ. ಡಾಂಬರ್ ಮುಟ್ಟಿದ ಕೂಡ್ಲೆ ಗಾಳಿ ತುಂಬಬೇಕು, ಅದಕ್ಕ ಬ್ಯಾಟರಿ ಮ್ಯಾಲೆ ನಡಿಯೋ ಸಣ್ಣ ಕಂಪ್ರೆಸರ್ ಜೊತಿಗೇ ಇರ್ಲಿ.

ಕರೆಂಟಿಗೆ ಸೋಲಾರ್ ಸಾಕು, ಮೋಡ ಕಡಿಮಿ. ಆದ್ರ ಪ್ಯಾನಲ್ ಛತ್ತಿನ ಮ್ಯಾಲೆ ಮಲಗಿಸಿಟ್ರ ಆಗೋದಿಲ್ಲ, ಡಿಸೆಂಬರ್ ಕಡೀಕ ಅಲ್ಲಿ ನಡು ಮಧ್ಯಾಹ್ನನೂ ಸೂರ್ಯ 40 ಡಿಗ್ರಿ ಎತ್ತರಕ್ಕ ಅಷ್ಟೇ ಬರ್ತಾನ, ಮೂರರಾಗ ಒಂದು ಪಾಲು ಕರೆಂಟ್ ಕಳಕೋತೀರಿ. ದಕ್ಷಿಣಕ್ಕ ಮುಖ ಮಾಡಿ ಹಿಂದಿನ ಬಾಜು ಎತ್ತೋ ಸ್ಟ್ಯಾಂಡ್ ಹಾಕಿಸ್ರಿ. ಧೂಳು ಒಣ ಅರಿವಿಲೆ ಮೆಲ್ಲಗ ಜಾಡಿಸ್ರಿ, ನೀರು ಹಾಕಬ್ಯಾಡ್ರಿ. ಲಿಥಿಯಂ ಬ್ಯಾಟರಿ ಇದ್ರ ಗಾಡಿ ಒಳಗೇ ಇಡ್ರಿ, 0 ಡಿಗ್ರಿಗಿಂತ ಕೆಳಗ ಅದನ್ನ ಚಾರ್ಜ್ ಮಾಡಿದ್ರ ಕೆಡ್ತದ.

ಹೆಣ್ಮಕ್ಕಳಿಗೆ ಮುಖ್ಯದ್ದು ಪಾಯಖಾನಿ, ಅದಿಲ್ಲದ ಗಾಡ್ಯಾಗ ನಾನು ಒಂದು ದಿನಾನೂ ಇರೂದಿಲ್ಲ. ಡಬ್ಬಿ ತೆಗೆದು ಖಾಲಿ ಮಾಡೋ ಪೋರ್ಟಬಲ್ ಟಾಯ್ಲೆಟ್ ಸಿಗ್ತದ, ಅದರೊಳಗಿಂದು ಉಸುಕಿನ್ಯಾಗ ಹೂಳಬ್ಯಾಡ್ರಿ, ಒಣ ಉಸುಕಿನ್ಯಾಗ ಹೊಲಸು ಜಲ್ದಿ ಕೊಳಿಯೋದಿಲ್ಲ, ಗಾಳಿ ಬಂದ್ರ ಮತ್ತ ಮ್ಯಾಲೆ ಬರ್ತದ. ಪೆಟ್ರೋಲ್ ಬಂಕಿನ ಪಾಯಖಾನ್ಯಾಗ ಕೇಳಿ ಚೆಲ್ಲಿ, ತೊಳೆದು ಬರ್ರಿ. ತುಟಿ, ಹಿಮ್ಮಡಿ ಬಿರೀತಾವ, ರಾತ್ರಿ ಕೊಬ್ಬರಿ ಎಣ್ಣಿ ಹಚ್ರಿ. ಬಿಪಿ ಶುಗರ್ ಇದ್ದವ್ರು ಮೂರು ತಿಂಗಳ ಗುಳಿಗಿ ಊರಿಂದಲೇ ಒಯ್ಯಿರಿ, ದೊಡ್ಡ ತ್ರಾಸ ಆದ್ರ ಏಮ್ಸ್ ಅನ್ನೋ ದೊಡ್ಡ ಸರ್ಕಾರಿ ದವಾಖಾನಿ ಇರೋದು ಜೋಧಪುರದಾಗ, 280 ಕಿಲೋಮೀಟರ್ ದೂರ.

ವಾಪಸ್ ಹೊರಡೋ ಹಿಂದಿನ ದಿನ ಏರ್ ಫಿಲ್ಟರ್ ಬಿಚ್ಚಿ ಜಾಡಿಸ್ರಿ, ಬಟ್ಟಲುಗಟ್ಟಲೆ ಧೂಳು ಬೀಳ್ತದ, ಟೈರಿನ್ಯಾಗ ಮುಳ್ಳು ಮುರದು ಉಳಿದಾವೇನು ಕೈ ಆಡಿಸಿ ನೋಡ್ರಿ. ಉಳಿದ ಬ್ಯಾಳಿ, ಹಿಂಡಿ ಜಾಗ ಕೊಟ್ಟವ್ರ ಮನಿಗೆ ಕೊಟ್ಟು ಬರ್ರಿ. ನಾವು ಹೋಳಿಕ್ಕಿಂತ ಮೊದಲೇ ಅಲ್ಲಿಂದ ಬಿಡ್ತೀವಿ, ಶರಣಬಸವೇಶ್ವರ ಜಾತ್ರಿ ತೇರು ಎಳೆಯೋ ಹೊತ್ತಿಗೆ ಕಲಬುರಗಿ ಸೇರಬೇಕಲ್ಲ.